ಬಡತನ ಅಳೆಯೋಕೆ ಮಕ್ಕಳ ಶೂ ಎಣಿಸ್ತಾರಂತೆ. ಎಣಿಸಿದ ಮೇಲೆ ಏನು ಮಾಡ್ತಾರೆ?

ಎರಡನೇ ಜೊತೆ:

ನಮಸ್ಕಾರ. ಪ್ರಶ್ನೆ ಚಿಕ್ಕದು, ಪೀಠಿಕೆ ಉದ್ದ. ತಾಳ್ಮೆ ಇದ್ದವರು ಓದಿ.

ಶಾಲೆಗೆ ಹೋಗುವಾಗ ನನಗಿದ್ದದ್ದು ಒಂದೇ ಜೊತೆ ಶೂ. ಮಳೆಯಲ್ಲಿ ನೆನೆದು ಬಂದರೆ ಅಮ್ಮ ರಾತ್ರಿ ಅದರೊಳಗೆ ಹಳೇ ಪೇಪರ್ ತುರುಕಿ ಒಲೆ ಪಕ್ಕ ಇಡುತ್ತಿದ್ದಳು. ಬೆಳಗ್ಗೆ ಹೊತ್ತಿಗೆ ಮೇಲೆಲ್ಲ ಒಣಗಿರೋದು, ಬೆರಳು ತಾಗುವ ತುದಿ ಮಾತ್ರ ಹಸಿ. ಶಾಲೆಯಿಂದ ಪ್ರವಾಸ ಹೊರಡುವ ದಿನ ನನಗೆ ವರ್ಷ ವರ್ಷವೂ ತಪ್ಪದೆ ಜ್ವರ ಬರುತ್ತಿತ್ತು. ಥರ್ಮಾಮೀಟರಿಗೆ ಮಾತ್ರ ಅದು ಗೊತ್ತಾಗುತ್ತಿರಲಿಲ್ಲ. ಇಷ್ಟಾದರೂ ಸರ್ಕಾರದ ಲೆಕ್ಕದಲ್ಲಿ ನಾವು ಬಡವರಲ್ಲ. ಅಪ್ಪ ಒಂದಷ್ಟು ತಿಂಗಳು ಓವರ್‌ಟೈಮ್ ಮಾಡಿದ್ದರಿಂದ ವರಮಾನ ಮಿತಿಗಿಂತ ಚೂರು ಮೇಲೆ ಹೋಯಿತು, ಅದಕ್ಕೇ ನೆರವು ಸಿಗಲಿಲ್ಲ ಅಂತ ಅಮ್ಮ ಹೇಳುತ್ತಿದ್ದಳು. ಸಾಲ ಎಷ್ಟು, ಅಜ್ಜಿಯ ಔಷಧಿಗೆ ಎಷ್ಟು ಹೋಗುತ್ತೆ ಅಂತ ಕೇಳುವ ಕಾಲಂ ಆ ಅರ್ಜಿಯಲ್ಲಿ ಇರಲಿಲ್ಲವಂತೆ.

ಈಗ ನನ್ನ ಮಗಳು ಆರನೇ ಕ್ಲಾಸು. ಅವಳ ಶಾಲೆಯಲ್ಲಿ ಯಾವ ಮಕ್ಕಳಿಗೆ ನೆರವು ಕೊಡಬೇಕು ಅಂತ ತೀರ್ಮಾನಿಸುವ ಸಮಿತಿಗೆ ಪೋಷಕರ ಕಡೆಯಿಂದ ನನ್ನ ಹೆಸರು ಹಾಕಿದ್ದಾರೆ. ಹಣ ಬಂದಿರುವುದು ಮೂವತ್ತು ಮಕ್ಕಳಿಗೆ. ಅರ್ಜಿ ಎಪ್ಪತ್ತರ ಹತ್ತಿರ. ಸ್ವಲ್ಪ ಓದಿಕೊಂಡು ಹೋಗೋಣ ಅಂತ ಕೂತಾಗ ಸಿಕ್ಕಿದ್ದು ಇದು: ಐರೋಪ್ಯ ಒಕ್ಕೂಟದವರು 2018ರಲ್ಲಿ ಮಕ್ಕಳಿಗೇ ಅಂತ ಬೇರೆ ಅಳತೆಗೋಲು ಒಪ್ಪಿಕೊಂಡಿದ್ದಾರೆ. ಒಟ್ಟು 17 ಅಂಶ. ಕಾಲಿಗೆ ಸರಿಹೋಗುವ ಎರಡು ಜೊತೆ ಶೂ ಇದೆಯಾ, ವಯಸ್ಸಿಗೆ ತಕ್ಕ ಪುಸ್ತಕ ಇದೆಯಾ, ಹೊಸ ಬಟ್ಟೆ ಕೊಡಿಸ್ತಾರಾ, ಗೆಳೆಯರನ್ನು ಆಗಾಗ ಮನೆಗೆ ಕರೆಯೋಕೆ ಆಗುತ್ತಾ, ದುಡ್ಡು ಕಟ್ಟಬೇಕಾದ ಶಾಲಾ ಪ್ರವಾಸಕ್ಕೆ ಹೋಗೋಕೆ ಆಗುತ್ತಾ, ಹೀಗೆ. ಬೇಡ ಅಂತ ಬಿಟ್ಟದ್ದಲ್ಲ, ಕೈಲಾಗದೆ ಬಿಟ್ಟದ್ದು ಮೂರಾದರೆ ಆ ಮಗು ಅಭಾವದಲ್ಲಿದೆ ಅಂತ ಲೆಕ್ಕ. ಓದುತ್ತಾ ನಾನು ಬೆರಳು ಮಡಚುತ್ತಾ ಹೋದೆ. ಒಂಬತ್ತಕ್ಕೆ ನಿಲ್ಲಿಸಿದೆ.

ಪ್ರಶ್ನೆ ಇಷ್ಟೇ. ಹೀಗೆ ಎಣಿಸಿದ್ದರಿಂದ ಎಲ್ಲಾದರೂ ಮಕ್ಕಳ ಬಡತನ ಇಳಿದಿದೆಯಾ, ಇಲ್ಲ ವರದಿ ದಪ್ಪ ಆಗಿದೆಯಾ? ಗೊತ್ತಿದ್ದವರು ಹೇಳಿ. ಭಾಷಣ ಬೇಡ.

---

ಸರಾಸರಿ ಮನುಷ್ಯ:

ಇಪ್ಪತ್ತೆರಡು ವರ್ಷ ಮನೆ ಮನೆ ಸುತ್ತಿ ಸಮೀಕ್ಷೆ ಮಾಡಿದವನು ನಾನು. ಶೂ ಎಣಿಸುವುದನ್ನು ನಗಬೇಡಿ. ವರಮಾನ ಎಷ್ಟು ಅಂದರೆ ಜನ ತಡವರಿಸುತ್ತಾರೆ. ಕೆಲವರು ಮುಚ್ಚಿಡುತ್ತಾರೆ, ಹಲವರಿಗೆ ನಿಜವಾಗಿಯೂ ಗೊತ್ತಿರುವುದಿಲ್ಲ. ಮಗುವಿಗೆ ಶೂ ಎಷ್ಟು ಜೊತೆ ಅಂದರೆ ಥಟ್ಟನೆ ಉತ್ತರ ಬರುತ್ತದೆ. ಒಮ್ಮೊಮ್ಮೆ ಮಗುವೇ ಒಳಗಿನಿಂದ ಕೂಗಿ ಹೇಳುತ್ತದೆ.

ವರಮಾನದ ಗೆರೆಯ ತಮಾಷೆ ಬೇರೆ. ಶ್ರೀಮಂತ ದೇಶಗಳಲ್ಲಿ ಸಾಮಾನ್ಯವಾಗಿ ಎಲ್ಲ ಕುಟುಂಬಗಳ ವರಮಾನವನ್ನು ಸಾಲಾಗಿ ನಿಲ್ಲಿಸಿ, ನಟ್ಟನಡುವೆ ಇರುವವರ ವರಮಾನದ 50 ಅಥವಾ 60 ಶೇಕಡಾ ಎಲ್ಲಿ ಬರುತ್ತದೋ ಅಲ್ಲಿ ಗೆರೆ ಎಳೆಯುತ್ತಾರೆ. ಆರ್ಥಿಕ ಕುಸಿತ ಬಂದು ನಡುವಿನವರೇ ಕೆಳಗೆ ಜಾರಿದರೆ ಗೆರೆಯೂ ಜಾರುತ್ತದೆ. ಆಗ ಬಡವರ ಮನೆಗೆ ಒಂದು ಕಾಸು ಹೆಚ್ಚು ಬರದಿದ್ದರೂ ಅವರು 'ಬಡತನದಿಂದ ಮೇಲೆ ಬಂದಿರುತ್ತಾರೆ'. 2008ರ ಬಿಕ್ಕಟ್ಟಿನ ನಂತರ ಬ್ರಿಟನ್ನಿನಲ್ಲಿ ಹೀಗೆ ಆಗಿದ್ದುಂಟು. ಹಾಗಾಗಿ ಒಂದೇ ಗೋಲು ಹಿಡಿದು ಅಳೆಯುವವರನ್ನು ನಂಬಬೇಡಿ.

ಎಣಿಸಿದ್ದರಿಂದ ಇಳಿಯಿತಾ ಅಂದರೆ, ಎರಡು ಕಥೆ. ಬ್ರಿಟನ್ನಿನಲ್ಲಿ ಟೋನಿ ಬ್ಲೇರ್ 1999ರಲ್ಲಿ ಒಂದು ತಲೆಮಾರಿನೊಳಗೆ ಮಕ್ಕಳ ಬಡತನ ಕೊನೆಗಾಣಿಸುತ್ತೇವೆ ಎಂದರು. 2010ರಲ್ಲಿ ಅದು ಕಾಯ್ದೆಯಾಯಿತು. ಆರೇ ವರ್ಷಕ್ಕೆ ಇನ್ನೊಂದು ಸರ್ಕಾರ ಆ ಗುರಿಗಳನ್ನು ಕಾಯ್ದೆಯಿಂದಲೇ ಕಿತ್ತುಹಾಕಿತು. ಮೇಲ್ಮನೆಯವರು ಹಠ ಹಿಡಿದಿದ್ದರಿಂದ ಅಂಕಿ ಪ್ರಕಟಿಸುವುದಾದರೂ ಉಳಿಯಿತು. ನ್ಯೂಜಿಲೆಂಡಿನಲ್ಲಿ 2018ರ ಡಿಸೆಂಬರಿನಲ್ಲಿ ಕಾಯ್ದೆ ಬಂತು. ಆಗಿನ ಪ್ರಧಾನಿ ಜಸಿಂಡಾ ಆರ್ಡರ್ನ್ ಮಕ್ಕಳ ಬಡತನ ತಗ್ಗಿಸುವ ಖಾತೆಯನ್ನು ತಾವೇ ಇಟ್ಟುಕೊಂಡಿದ್ದರು, ಮುಖ್ಯ ವಿರೋಧ ಪಕ್ಷವೂ ಪರವಾಗಿ ಮತ ಹಾಕಿತು. ಯಾವ ಸರ್ಕಾರ ಬಂದರೂ ಗುರಿ ಇಡಲೇಬೇಕು, ವರ್ಷ ವರ್ಷ ಅಂಕಿ ಹೊರಬರಲೇಬೇಕು, ಬಜೆಟ್ ಜೊತೆಗೆ ಎಲ್ಲಿಗೆ ಮುಟ್ಟಿದ್ದೇವೆ ಅಂತ ಹೇಳಲೇಬೇಕು. ಅಭಾವದಲ್ಲಿರುವ ಮಕ್ಕಳ ಪ್ರಮಾಣವನ್ನು 13.3 ಶೇಕಡಾದಿಂದ ಹತ್ತು ವರ್ಷದಲ್ಲಿ 6ಕ್ಕೆ ತರುವ ಗುರಿ ಇಟ್ಟರು. ಮೊದಲ ಕೆಲವು ವರ್ಷ ಇಳಿಯಿತು. ಆಮೇಲೆ ಬೆಲೆಗಳು ಏರಿದವು. 2024ರ ಜೂನಿಗೆ ಮುಗಿದ ವರ್ಷದಲ್ಲಿ 13.4. ಹೊರಟ ಜಾಗಕ್ಕೇ ವಾಪಸು.

ತೂಕದ ಯಂತ್ರ ಯಾರನ್ನೂ ತೆಳ್ಳಗೆ ಮಾಡುವುದಿಲ್ಲ ಸ್ವಾಮಿ. ಆದರೆ ಅದನ್ನು ಮಂಚದ ಕೆಳಗೆ ತಳ್ಳುವವನ ಮೇಲೆ ನನಗೆ ಅನುಮಾನ.

---

ಮೊಂಡವಾದಿ:

ಇಷ್ಟೆಲ್ಲ ಯಾಕೆ? ಕೈಗೆ ದುಡ್ಡು ಕೊಟ್ಟರೆ ಅಪ್ಪಂದಿರು ಕುಡಿದು ಮುಗಿಸ್ತಾರೆ. ಶೂ ಇಲ್ಲದವರಿಗೆ ಶೂ ಕೊಡಿ, ಪುಸ್ತಕ ಇಲ್ಲದವರಿಗೆ ಪುಸ್ತಕ ಕೊಡಿ. ಮುಗೀತು.

---

ಹಳೇ ಕಡತ:

ಮೊಂಡವಾದಿಯವರೇ, ನಿಮ್ಮ ಮಾತನ್ನೇ ನಾನೂ ಇಲಾಖೆ ಸೇರಿದ ಹೊಸದರಲ್ಲಿ ಆಡುತ್ತಿದ್ದೆ. ಶೂ ಹಂಚಿದ್ದೂ ಉಂಟು. ಬಂದ ಶೂ ಎಲ್ಲ ಮೂರೇ ಅಳತೆ! ಹಿಂದಿನ ವರ್ಷದ ಪಟ್ಟಿ ನೋಡಿ ತರಿಸಿದ್ದರು, ಮಕ್ಕಳ ಕಾಲು ಮಾತ್ರ ಈ ವರ್ಷದ್ದು. ಅಮ್ಮನ ಕೈಗೆ ದುಡ್ಡು ಕೊಟ್ಟಿದ್ದರೆ ಸರಿಯಾದ ಅಳತೆಯದ್ದು ಬರುತ್ತಿತ್ತು.

ಕುಡಿತದ ಬಗ್ಗೆ: ಬೇರೆ ಬೇರೆ ದೇಶಗಳ ಇಂಥ ಅಧ್ಯಯನಗಳನ್ನೆಲ್ಲ ವಿಶ್ವಬ್ಯಾಂಕಿನ ಸಂಶೋಧಕರು 2014ರಲ್ಲಿ ಒಟ್ಟುಹಾಕಿ ನೋಡಿದರು. ನೆರವಿನ ಹಣ ಬಂದಿತೆಂದು ಕುಡಿತ, ತಂಬಾಕಿನ ಖರ್ಚು ಏರಿದ್ದು ಒಟ್ಟಾರೆ ಕಾಣಲಿಲ್ಲ. ಮೆಕ್ಸಿಕೊ 1997ರಲ್ಲೇ ತಾಯಂದಿರ ಕೈಗೆ ಹಣ ಕೊಡಲು ಶುರು ಮಾಡಿತು. ಮಗು ಶಾಲೆಗೆ ಬರಬೇಕು, ಆರೋಗ್ಯ ತಪಾಸಣೆಗೆ ಹೋಗಬೇಕು ಎಂಬ ಷರತ್ತು. ಪ್ರೌಢಶಾಲೆಯ ಹುಡುಗಿಯರಿಗೆ ಹುಡುಗರಿಗಿಂತ ಹೆಚ್ಚು ಕೊಟ್ಟರು, ಶಾಲೆ ಬಿಡುತ್ತಿದ್ದವರು ಅವರೇ ಹೆಚ್ಚು ಎಂದು. ಅವರ ಜಾಣತನ ಇನ್ನೊಂದಿದೆ. 506 ಹಳ್ಳಿ ಆರಿಸಿ, ಚೀಟಿ ಎತ್ತಿದ ಹಾಗೆ 320ಕ್ಕೆ ಮೊದಲು ಕೊಟ್ಟು, ಉಳಿದವಕ್ಕೆ ತಡವಾಗಿ ಕೊಟ್ಟು ಹೋಲಿಸಿದರು. ಹೈಸ್ಕೂಲು ಸೇರುವವರು ಹೆಚ್ಚಾದದ್ದು ಸ್ಪಷ್ಟವಾಗಿ ಕಂಡಿತು, ಹುಡುಗಿಯರಲ್ಲಿ ಇನ್ನೂ ಹೆಚ್ಚು.

ಅಮೆರಿಕದ್ದು ಇನ್ನೂ ಚೆನ್ನಾಗಿ ಕಣ್ಣಿಗೆ ಹೊಡೆಯುತ್ತದೆ. ಅಲ್ಲಿ ಮಕ್ಕಳಿದ್ದವರಿಗೆ ತೆರಿಗೆಯಲ್ಲಿ ರಿಯಾಯಿತಿ ಮೊದಲಿನಿಂದ ಇದೆ, ಆದರೆ ತೀರಾ ಕಡಿಮೆ ದುಡಿಯುವವರಿಗೆ ಪೂರ್ತಿ ಸಿಗುತ್ತಿರಲಿಲ್ಲ. ಅತಿ ಬಡವರಿಗೇ ಕಡಿಮೆ! 2021ರಲ್ಲಿ ಒಂದೇ ವರ್ಷದ ಮಟ್ಟಿಗೆ ಆ ಷರತ್ತು ತೆಗೆದರು. ಆರು ವರ್ಷದೊಳಗಿನ ಮಗುವಿಗೆ 3,600 ಡಾಲರ್, ದೊಡ್ಡ ಮಕ್ಕಳಿಗೆ 3,000. ಅರ್ಧದಷ್ಟನ್ನು ಜುಲೈನಿಂದ ಡಿಸೆಂಬರ್‌ವರೆಗೆ ತಿಂಗಳು ತಿಂಗಳು ಮುಂಗಡವಾಗಿ ಖಾತೆಗೆ ಹಾಕಿದರು. ಸರ್ಕಾರದ ನೆರವನ್ನೂ ಸೇರಿಸಿ ಲೆಕ್ಕ ಹಾಕುವ ಅವರ ಪೂರಕ ಅಳತೆಯಲ್ಲಿ ಮಕ್ಕಳ ಬಡತನ 2020ರಲ್ಲಿ 9.7 ಶೇಕಡಾ ಇದ್ದದ್ದು 2021ರಲ್ಲಿ 5.2. ಸಂಸತ್ತು ಮುಂದುವರಿಸಲಿಲ್ಲ. 2022ರಲ್ಲಿ 12.4. ಸಾಂಕ್ರಾಮಿಕದ ಕಾಲದ ಬೇರೆ ನೆರವುಗಳೂ ಆಗ ಇದ್ದವು, ನಿಂತವು, ಅದು ನಿಜ. ಆದರೂ ಹೋದದ್ದು, ಬಂದದ್ದು ಎರಡನ್ನೂ ನೋಡಿ.

ಹಣವೇ ಸರ್ವಸ್ವ ಅಂತಲೂ ನಾನು ಹೇಳುವುದಿಲ್ಲ. ಅದೇ ಅಮೆರಿಕದಲ್ಲಿ 1,000 ಬಡ ತಾಯಂದಿರನ್ನು ಎರಡು ಗುಂಪು ಮಾಡಿ, ಒಂದಕ್ಕೆ ತಿಂಗಳಿಗೆ 333 ಡಾಲರ್, ಇನ್ನೊಂದಕ್ಕೆ 20 ಡಾಲರ್ ಕೊಟ್ಟು ವರ್ಷಗಟ್ಟಲೆ ನೋಡಿದರು. ನಾಲ್ಕು ವರ್ಷದ ಹೊತ್ತಿಗೆ ಮಕ್ಕಳ ಮಾತು, ಕಲಿಕೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಹಣ ಬಡತನ ಇಳಿಸುತ್ತದೆ. ಮಗುವಿಗೆ ಬೇಕಾದ ಟೀಚರು, ದಾದಿ, ಆಟದ ಬಯಲು ಹಣದ ಜೊತೆ ತಾವಾಗಿಯೇ ಬರುವುದಿಲ್ಲ.

ಎರಡನೇ ಜೊತೆಯವರೇ, ನಿಮ್ಮ ಎಪ್ಪತ್ತು ಅರ್ಜಿಗಿಂತ ನನಗೆ ಚಿಂತೆ ಅರ್ಜಿಯನ್ನೇ ಹಾಕದವರದ್ದು. ಫಿನ್‌ಲೆಂಡಿನಲ್ಲಿ 1938ರಲ್ಲಿ ಬಡ ಬಸುರಿಯರಿಗೆ ಮಗುವಿನ ಬಟ್ಟೆ ತುಂಬಿದ ಪೆಟ್ಟಿಗೆ ಕೊಡಲು ಶುರು ಮಾಡಿ, 1949ರಲ್ಲಿ ಎಲ್ಲರಿಗೂ ಮಾಡಿದರು. ಬಸಿರಿನ ನಾಲ್ಕನೇ ತಿಂಗಳು ಮುಗಿಯುವುದರೊಳಗೆ ತಪಾಸಣೆಗೆ ಹೋಗಿ ಬಂದಿರಬೇಕು ಎಂಬ ಷರತ್ತು. ಶಾಲೆಯ ಊಟವೂ ಅಲ್ಲಿ 1948ರಿಂದ ಎಲ್ಲ ಮಕ್ಕಳಿಗೂ ಉಚಿತ. ಎಲ್ಲರಿಗೂ ಬಂದಾಗ ಯಾರದ್ದು ಬಡವರ ಪೆಟ್ಟಿಗೆ ಅಂತ ಗೊತ್ತಾಗುವುದೇ ಇಲ್ಲ. ನಾನು ಕೂತಿದ್ದ ಕೌಂಟರಿನಲ್ಲಿ ಅರ್ಜಿ ಕೇಳಲು ಬಂದು, ಸಾಲು ನೋಡಿ, ಟೈಮ್ ಎಷ್ಟು ಅಂತ ಮಾತ್ರ ಕೇಳಿ ಹೊರಟುಹೋದವರು ಎಷ್ಟೋ ಜನ.

---

ಹತ್ತೊಂಬತ್ತೂವರೆ:

ನಡುವೆ ಬಾಯಿ ಹಾಕ್ತಿದ್ದೀನಿ. ಎಲ್ಲರೂ ಪುಟ್ಟ ಮಕ್ಕಳ ಬಗ್ಗೆನೇ ಮಾತಾಡ್ತಿದ್ದೀರ. ನನಗೆ ಹದಿನೆಂಟು ತುಂಬಿದ ತಿಂಗಳೇ ಹಾಸ್ಟೆಲ್ ಪಟ್ಟಿಯಿಂದ ಹೆಸರು ಹೋಯ್ತು. ಬಡತನ ಮಾತ್ರ ಹುಟ್ಟಿದಹಬ್ಬ ನೋಡ್ಕೊಂಡು ಹೋಗಲಿಲ್ಲ. ಯುರೋಪಿನಲ್ಲಿ 2013ರಿಂದ ಯುವಜನರಿಗೊಂದು ಭರವಸೆ ಯೋಜನೆ ಇದೆಯಂತೆ. ಓದು ಮುಗಿದು ಅಥವಾ ಕೆಲಸ ಹೋಗಿ ನಾಲ್ಕು ತಿಂಗಳೊಳಗೆ ಕೆಲಸವೋ ತರಬೇತಿಯೋ ಮುಂದಿನ ಓದೋ, ಏನಾದರೊಂದು ಒದಗಿಸಬೇಕು. ಮೊದಲು 25ರ ಒಳಗಿನವರಿಗೆ, 2020ರಿಂದ 30ರ ಒಳಗಿನವರಿಗೆ. ಸಮಿತಿಯಲ್ಲಿ ದೊಡ್ಡ ಕ್ಲಾಸಿನವರನ್ನು ಮರೀಬೇಡಿ ಸಾರ್.

---

ಎರಡನೇ ಜೊತೆ:

ಎಲ್ಲರಿಗೂ ಥ್ಯಾಂಕ್ಸ್. ತಮ್ಮಾ, ದೊಡ್ಡ ಕ್ಲಾಸಿನ ಮಾತು ಬರೆದುಕೊಂಡೆ.

ಹಳೇ ಕಡತ ಮೇಡಂ, ನಿಮ್ಮ ಕೊನೆಯ ಸಾಲನ್ನು ನಿನ್ನೆ ರಾತ್ರಿ ಅಮ್ಮನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು, ಓವರ್‌ಟೈಮ್ ಅನ್ನೋದೆಲ್ಲ ಸುಳ್ಳಂತೆ. ವರಮಾನ ಮಿತಿಯೊಳಗೇ ಇತ್ತಂತೆ. ಅರ್ಜಿ ತುಂಬಿ ಒಯ್ದಿದ್ದಳಂತೆ. ಕೌಂಟರಿನಲ್ಲಿದ್ದವರು ಹಿಂದಿನ ವರ್ಷ ಯಾರ್ಯಾರಿಗೆ ಸಿಕ್ಕಿದೆ ಅಂತ ಹೆಸರು ಕೂಗಿ ಓದುತ್ತಿದ್ದರು, ಸಾಲಿನಲ್ಲಿ ನನ್ನ ಕ್ಲಾಸಿನ ಇಬ್ಬರ ಅಮ್ಮಂದಿರೂ ಇದ್ದರು. ಮಡಚಿ ಬ್ಯಾಗಿಗೆ ಹಾಕ್ಕೊಂಡು ಬಂದುಬಿಟ್ಟಳಂತೆ. 'ನಿನ್ನ ಜ್ವರದ ಥರ ಅಂದ್ಕೋ' ಅಂದಳು.

ಶನಿವಾರ ಸಭೆ. ಆಯ್ಕೆಯಾದವರ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕುವುದು ಅಂತ ಅಜೆಂಡಾದಲ್ಲಿ ನಾಲ್ಕನೇ ವಿಷಯ. ಅದನ್ನು ಮೊದಲು ತೆಗೆದುಕೊಳ್ಳಿ ಅಂತ ಈಗಷ್ಟೇ ಮೇಲ್ ಹಾಕಿದೆ. ಅರ್ಜಿ ನಮೂನೆಯನ್ನು ಕೇಳಿದವರಿಗೆ ಮಾತ್ರ ಕೊಡದೆ, ಎಲ್ಲ ಮಕ್ಕಳ ಬ್ಯಾಗಿಗೂ ಹಾಕಿ ಕಳಿಸಬೇಕು ಅಂತಲೂ ಬರೆದಿದ್ದೇನೆ. ಕಾಗದದ ಖರ್ಚು ಹೆಚ್ಚಾಗುತ್ತೆ ಅಂತ ಒಬ್ಬರು ಆಗಲೇ ಉತ್ತರ ಹಾಕಿದ್ದಾರೆ.