ಸಂಡಿಗೆ ಯಂತ್ರದಲ್ಲಿ ಟೇಪು

"ಸಂಡಿಗೆ ಒಣಗಿಸುವ ಯಂತ್ರದಲ್ಲಿ ಟೇಪು ಒಣಗಿಸಿದರೆ ಅಪಚಾರವೇನಲ್ಲ, ರಾಯರೇ," ಎಂದು ಸೀನು ಸಮರ್ಥಿಸಿಕೊಂಡ. ಕ್ಯಾಲಿಫೋರ್ನಿಯಾದ ಸನ್ನಿವೇಲಿನ ಅವನ ಗ್ಯಾರೇಜಿನಿಂದ ಕಾರು ಬೀದಿಪಾಲಾಗಿ ಎರಡು ವರ್ಷವಾಗಿದೆ; ಅದರ ಜಾಗದಲ್ಲಿ 1970ರ ದಶಕದ, ಬೀರುವಿನಷ್ಟು ಎತ್ತರದ, ಒಂಬತ್ತು ಟ್ರ್ಯಾಕಿನ ಟೇಪ್ ಡ್ರೈವ್, ಎಂದರೆ ಒಂಬತ್ತು ಸಾಲುಗಳಲ್ಲಿ ಕಂಪ್ಯೂಟರಿನ ದತ್ತಾಂಶ ಬರೆದಿಟ್ಟ ಟೇಪನ್ನು ಓದುವ ಯಂತ್ರ, ನಿಂತಿದೆ.

"ಟೇಪಿಗೆ ಸಂಡಿಗೆಯ ವಾಸನೆ ಹತ್ತಿದರೆ ನನಗೇನೂ ನಷ್ಟವಿಲ್ಲ. ಸಂಡಿಗೆಗೆ ಟೇಪಿನ ವಾಸನೆ ಹತ್ತಿದರೆ ಊಟಕ್ಕೆ ಬಂದ ನಮ್ಮ ಗತಿಯೇನು?" ಎಂದರು ರಾಯರು.

ಟೇಪಿನ ಮೇಲೆ ಕಬ್ಬಿಣದ ಆಕ್ಸೈಡನ್ನು ಹಿಡಿದಿಡುವ ಅಂಟು ವರ್ಷಗಟ್ಟಲೆ ತೇವ ಕುಡಿದು ಜಿಗುಟಾಗುತ್ತದೆಂದೂ, ಹಾಗೆಯೇ ಓಡಿಸಿದರೆ ಯಂತ್ರದ ಓದುವ ಹೆಡ್ಡಿಗೆ ಮೆತ್ತಿಕೊಂಡು ದತ್ತಾಂಶವೇ ಕಿತ್ತುಬರುತ್ತದೆಂದೂ, ಆದ್ದರಿಂದ ಸುಮಾರು 54 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಗಂಟೆಗಟ್ಟಲೆ ಇಟ್ಟು, ಮತ್ತೆ ತೇವ ಹಿಡಿಯುವ ಮೊದಲು, ಕೆಲವೇ ವಾರಗಳೊಳಗೆ ಓದಿಕೊಳ್ಳಬೇಕೆಂದೂ ಸೀನು ವಿವರಿಸಿದ.

"ಅಂದರೆ ಮಳೆಗಾಲದ ಹಪ್ಪಳವೇ ಸರಿ," ಎಂದರು ರಾಯರು. "ನಮ್ಮಜ್ಜಿ ಕಾಗೆ ಕಾಯಲು ನನ್ನನ್ನು ತಾರಸಿಯ ಮೇಲೆ ಕೂರಿಸಿ, ಕೂಲಿಯೆಂದು ಅರೆ ಒಣಗಿದ ಒಂದು ಹಪ್ಪಳ ಕೊಡುತ್ತಿದ್ದಳು. ನಿನ್ನ ಟೇಪಿಗೆ ಕಾಗೆಯೂ ಬರುವುದಿಲ್ಲ."

"ಒಂದು ಸುರುಳಿಯಲ್ಲಿ ಎಷ್ಟು ಹಿಡಿಯುತ್ತದೆ?" ಎಂದು ಭಟ್ಟರು ಕೇಳಿದರು. 2400 ಅಡಿ ಉದ್ದ, ಇಂಚಿಗೆ 1600 ಅಕ್ಷರ. ಸಂದು ಬಿಡದೆ ತುಂಬಿದರೂ 46 ಮೆಗಾಬೈಟ್. ಭಟ್ಟರು ತಮ್ಮ ಫೋನಿನಲ್ಲಿದ್ದ ಮೊಮ್ಮಗನ ಫೋಟೊಗಳನ್ನು ಎಣಿಸತೊಡಗಿದರು.

"ಮೌಂಟನ್ ವ್ಯೂನ ಕಂಪ್ಯೂಟರ್ ಮ್ಯೂಸಿಯಮ್ಮಿನಲ್ಲಿ ನಿವೃತ್ತರು ಸೇರಿ ಐಬಿಎಂ 1401 ಎಂಬ ಹಳೆಯ ಕಂಪ್ಯೂಟರನ್ನು ಟೇಪ್ ಡ್ರೈವಿನ ಸಮೇತ ಮತ್ತೆ ಓಡಿಸಲಿಲ್ಲವೇ?" ಎಂದ ಸೀನು.

"ಅವರಲ್ಲಿ ಅನೇಕರು ಹರೆಯದಲ್ಲಿ ಐಬಿಎಂ ಯಂತ್ರಗಳೊಡನೆ ಏಗಿದವರಪ್ಪಾ, ಅದು ರಕ್ತಸಂಬಂಧ," ಎಂದರು ರಾಯರು. "1985ರಲ್ಲಿ ಹುಟ್ಟಿದ ನಿನ್ನದು ದತ್ತು. ಹಳೆಯದೆಲ್ಲ ವಿಂಟೇಜ್ ಆಗುವ ಈ ಊರಿನಲ್ಲಿ ಹಳೆಯ ಇಂಜಿನಿಯರ್ ಮಾತ್ರ ಲೇಆಫ್ ಆಗುತ್ತಾನೆ."

ಸೀನು ಉತ್ತರಿಸದೆ ಗುಂಡಿ ಒತ್ತಿದ. ಮೋಟಾರು ಗಾಳಿಯನ್ನು ಹೀರಿದೊಡನೆ ಟೇಪು ಎರಡು ಕಾಲಮ್ಮುಗಳೊಳಗೆ ಜೋಲಿಯಂತೆ ಇಳಿಯಿತು. ಭಾರದ ಸುರುಳಿಗಳು ಸಾವಕಾಶವಾಗಿ ತಿರುಗಲೆಂದು, ಹೆಡ್ಡಿನ ಬಳಿ ಟೇಪು ತಟ್ಟನೆ ಹೊರಟು ನಿಂತಾಗ ಹರಿಯದಿರಲೆಂದು, ಐಬಿಎಂನವರು 1952ರಲ್ಲೇ ಹೂಡಿದ ಉಪಾಯವದು. ಎರಡು ವರ್ಷದ ದುಡಿಮೆಯ ಫಲವಾಗಿ ಪರದೆಯ ಮೇಲೆ ಯಾವುದೋ ಕಾರ್ಖಾನೆಯ ರಜೆಯ ಲೆಕ್ಕ ಮೂಡಿತು.

"ಇದನ್ನು ಓದಲು ಇಷ್ಟೆಲ್ಲ ಬೇಕಿತ್ತೇ!" ಎಂದು ಭಟ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು.

ರಾಯರು ಮಾತ್ರ ಕನ್ನಡಕ ಸರಿಪಡಿಸಿಕೊಂಡು ಪರದೆಯ ಹತ್ತಿರಕ್ಕೆ ಬಾಗಿದರು. "ಸೀನೂ, ಈ ಮನುಷ್ಯನಿಗೆ ಹನ್ನೊಂದು ದಿನದ ರಜೆ ಬಾಕಿಯಿದೆಯಲ್ಲೋ. ತೆಗೆದುಕೊಂಡನೇ ಎಂಬುದು ಮುಂದೆಲ್ಲಾದರೂ ಇದೆಯೇ ನೋಡು."