ಅಪ್‌ಡೇಟ್: ಕಲಬುರಗಿ ಟಾಪ್ ಫ್ಲೋರ್ ಮನೆ ಈಗ ಹೇಗಿದೆ

ಮೂರು ವಾರದ ಹಿಂದೆ ಕೇಳಿದ್ದೆ, ಕಲಬುರಗಿಲಿ ಟಾಪ್ ಫ್ಲೋರ್ ಬಾಡಿಗೆ ಮನೆ, ಮಕ್ಕಳಿಗೆ ರಜೆ, ಎಸಿ ಇಲ್ಲ, ರಾತ್ರಿ 11 ಆದ್ರೂ ಗೋಡೆ ಬಿಸಿ, ಏನ್ ಮಾಡ್ಲಿ ಅಂತ. ಉತ್ತರ ಕೊಟ್ಟ ಎಲ್ರಿಗೂ ತುಂಬಾ ಥ್ಯಾಂಕ್ಸ್, ನಿಜವಾಗ್ಲೂ.

ಓನರ್ ಒಪ್ಪಿದ್ರು, ಟೆರೇಸಿಗೆ ಎರಡು ಕೋಟ್ ಸುಣ್ಣ ಬಳಿಸಿದ್ವಿ. ಇದೇ ದೊಡ್ಡ ವ್ಯತ್ಯಾಸ ಮಾಡಿದ್ದು, ಯಾಕಂದ್ರೆ ಆರ್‌ಸಿಸಿ ಸ್ಲ್ಯಾಬ್ ಹಗಲೆಲ್ಲಾ ಬಿಸಿಲು ಕುಡಿದು ರಾತ್ರಿ ಅದನ್ನೇ ಮನೆಯೊಳಗೆ ಬಿಡ್ತಿತ್ತು, ಈಗ ಬಿಳಿ ಬಣ್ಣಕ್ಕೆ ಬಿಸಿಲು ಅರ್ಧಕ್ಕರ್ಧ ವಾಪಸ್ ಹೋಗ್ತಿದೆ ಅನ್ಸುತ್ತೆ, ಮಕ್ಕಳು ಹತ್ತಕ್ಕೆಲ್ಲ ನಿದ್ದೆ ಹೋಗ್ತಿದಾರೆ.

ಕೂಲರ್ ವಿಷ್ಯದಲ್ಲಿ ತಪ್ಪು ನಮ್ದೇ. ಕಿಟಕಿ ಎಲ್ಲಾ ಮುಚ್ಚಿ ಹಾಕ್ತಿದ್ವಿ, ಅದಕ್ಕೇ ಮೈ ಅಂಟಂಟು. ಈಗ ಕೂಲರನ್ನ ಕಿಟಕಿಗೆ ಆನಿಸಿಟ್ಟು ಎದುರಿನ ಕಿಟಕಿ ತೆಗೆದಿಟ್ರೆ ತೇವದ ಗಾಳಿ ಹೊರಗೆ ಹೋಗಿ ರೂಮು ತಣ್ಣಗಾಗುತ್ತೆ. ಉಡುಪಿಲಿರೋ ಅಮ್ಮ ನಂಗೂ ಒಂದು ತಗೊಡು ಅಂದ್ರು, ಬೇಡ ಅಂದೆ, ಇಲ್ಲಿ ಒಣ ಹವೆ ಅಂತ ನಡೆಯುತ್ತೆ, ಕಡಲತೀರದ ಸೆಕೆಗೆ ನೀರು ಆರೋದೇ ಇಲ್ವಲ್ಲ.

ಕೂಲರ್ ಇಲ್ಲದ ರೂಮಿನ ಕಿಟಕಿ ಬೆಳಗ್ಗೆ 9ಕ್ಕೆ ಮುಚ್ತೀವಿ, ಸಂಜೆ 7ರ ಮೇಲೆ ತೆಗಿತೀವಿ. ಪಶ್ಚಿಮದ ಕಿಟಕಿಗೆ ಹೊರಗಡೆಯಿಂದ ಲಾವಂಚದ ತಟ್ಟಿ ಕಟ್ಟಿದೀವಿ, ನೀರು ಚಿಮುಕಿಸಿದ್ರೆ ಆ ಘಮಕ್ಕೇ ಅರ್ಧ ಸುಸ್ತು ಹೋಗುತ್ತೆ. ಮಣ್ಣಿನ ಮಡಕೆ ನೀರು, ಮಜ್ಜಿಗೆ, ರಾಗಿ ಅಂಬಲಿ ನಡೀತಿದೆ, ಚಿಕ್ಕವಳ ಬೆವರುಸಾಲೆನೂ ಕಮ್ಮಿ ಆಗಿದೆ.

ಮಧ್ಯಾಹ್ನ ಕರೆಂಟ್ ಹೋದ್ರೆ ಮಾತ್ರ ಕಷ್ಟ, ಆಗ ಮಕ್ಕಳನ್ನ ಕರ್ಕೊಂಡು ಕೆಳಗಿನ ಮನೆ ಅಜ್ಜಿ ಹತ್ರ ಹೋಗ್ತೀನಿ, ಅವರ ಶಹಾಬಾದ್ ಕಲ್ಲಿನ ನೆಲ ಯಾವಾಗ್ಲೂ ತಂಪು.