ಯಕ್ಷನ ಒಂದು ಗಂಟೆ

ಮೈಸೂರಿನ ನಮ್ಮ ಕಲಾಶಾಲೆಯಲ್ಲಿ ಅಂತಿಮ ವರ್ಷದ ಪ್ರಾಜೆಕ್ಟಿಗೆ ಎಲ್ಲರಿಗೂ ವಿಷಯದ ಬರವಿದ್ದಾಗ, ಯಕ್ಷನೊಬ್ಬನಿಗೆ ಮಾತ್ರ ವಿಷಯ ತಾನಾಗಿಯೇ ಒದಗಿಬಂದಿತ್ತು. ಪ್ರೇಯಸಿ ಎಂ.ಎಸ್. ಓದಲೆಂದು ಜರ್ಮನಿಯ ಡ್ರೆಸ್ಡೆನ್‌ಗೆ ಹೋದಂದಿನಿಂದ ಅವನು ಪ್ರತಿ ರಾತ್ರಿ ಹಾಸ್ಟೆಲಿನ ತಾರಸಿಯಲ್ಲಿ ನಿಂತು ಆಕಾಶವನ್ನು ದಿಟ್ಟಿಸುತ್ತಿದ್ದುದರಿಂದ, ಮೋಡದ ಕೈಯಲ್ಲಿ ಹೆಂಡತಿಗೆ ಸಂದೇಶ ಕಳುಹಿಸಿದ ಕಾಳಿದಾಸನ ನಾಯಕನ ಹೆಸರೇ ಅವನಿಗೆ ಅಂಟಿಕೊಂಡಿತು. ಅವನು ಹುಡುಕುತ್ತಿದ್ದುದು ಮೋಡವನ್ನಲ್ಲ, ನೆಟ್‌ವರ್ಕ್ ಸಿಗುವ ಮೂಲೆಯನ್ನು ಎಂಬುದು ನಮಗೆ ತಿಳಿಯುವಷ್ಟರಲ್ಲಿ ಹೆಸರು ಗಟ್ಟಿಯಾಗಿಬಿಟ್ಟಿತ್ತು.

ಏಪ್ರಿಲ್ ತಿಂಗಳ ಒಂದು ಸಂಜೆ ಕ್ಯಾಂಟೀನಿನಲ್ಲಿ ನಾಲ್ಕು ಬೈಟು ಕಾಫಿಗಳ ಸುತ್ತ ಅವನ ವಿರಹಕ್ಕೆ ರೂಪ ಕೊಡುವ ಸಭೆ ಸೇರಿತು.

ಶಿಲ್ಪಕಲೆ ವಿಭಾಗದ ಗೆಳೆಯನಿಗೆ ದೊಡ್ಡದಲ್ಲದ್ದು ಕಲೆಯೇ ಅಲ್ಲ. ಅವನು ಗಂಟಲು ಸರಿಮಾಡಿಕೊಂಡು, “1988ರಲ್ಲಿ ಮರೀನಾ ಅಬ್ರಮೋವಿಚ್ ಮತ್ತು ಉಲಾಯ್ ಎಂಬ ಕಲಾವಿದ ಜೋಡಿ ಚೀನಾದ ಮಹಾಗೋಡೆಯ ಎರಡು ತುದಿಗಳಿಂದ ಹೊರಟು, ತೊಂಬತ್ತು ದಿನ ನಡೆದು ನಡುವೆ ಭೇಟಿಯಾದರು. ನಾವೂ ಹಾಗೆಯೇ ಮಾಡೋಣ. ನೀನು ಮೈಸೂರಿನಿಂದ ಹೊರಡು, ಇನ್ನೊಬ್ಬರು ಬೆಂಗಳೂರಿನಿಂದ ಹೊರಡಲಿ, ಮದ್ದೂರಿನಲ್ಲಿ ಸಂಧಿಸಿ ವಡೆ ತಿನ್ನಿ” ಎಂದು ಯೋಜನೆಯನ್ನು ಮುಂದಿಟ್ಟ.

“ಅವಳು ಡ್ರೆಸ್ಡೆನ್‌ನಲ್ಲಿ ಇದ್ದಾಳಲ್ಲ, ಬೆಂಗಳೂರಿನಿಂದ ನಡೆಯುವವರು ಯಾರು?” ಎಂದು ಯಕ್ಷ ಕೇಳಿದ.

“ಅವಳ ಪರವಾಗಿ ನಾನು ನಡೆಯುತ್ತೇನೆ” ಎಂದು ಶಿಲ್ಪಿ ತ್ಯಾಗಕ್ಕೆ ಸಿದ್ಧನಾದ. ದ್ವಿಚಕ್ರ ವಾಹನಗಳಿಗೇ ಪ್ರವೇಶವಿಲ್ಲದ ಎಕ್ಸ್‌ಪ್ರೆಸ್‌ವೇಯಲ್ಲಿ ವಿರಹಿಗಳನ್ನು ಯಾರು ಬಿಟ್ಟಾರು ಎಂದು ನಾನು ಕೇಳಿದ್ದಕ್ಕೆ, ಮಹಾಗೋಡೆಯ ಅನುಮತಿಗೂ ವರ್ಷಗಟ್ಟಲೆ ಕಾಯಬೇಕಾಗಿತ್ತೆಂದು ಅವನು ಸಮಾಧಾನ ಹೇಳಿದ.

“ಆ ಜೋಡಿ ಭೇಟಿಯಾದ ಮೇಲೆ ಏನು ಮಾಡಿದರು?” ಎಂದು ಯಕ್ಷ ಆಸೆಯಿಂದ ವಿಚಾರಿಸಿದ.

ಶಿಲ್ಪಿ ಕಾಫಿ ಲೋಟದ ತಳವನ್ನು ಪರೀಕ್ಷಿಸತೊಡಗಿದ. ಉತ್ತರ ಕೊಟ್ಟವಳು ಪ್ರಿಂಟ್‌ಮೇಕಿಂಗ್ ಗೆಳತಿ: “ಮೊದಲು ಅಲ್ಲಿ ಮದುವೆಯಾಗಬೇಕೆಂದುಕೊಂಡಿದ್ದರು ಕಣೋ. ಅನುಮತಿ ಬರುವಷ್ಟರಲ್ಲಿ ಸಂಬಂಧವೇ ಹಳಸಿದ್ದರಿಂದ, ಭೇಟಿಯಾಗಿ ಬೇರೆಯಾದರು.” ಮದ್ದೂರು ವಡೆಯ ಪ್ರಸ್ತಾಪ ಅಲ್ಲಿಗೇ ಬಿದ್ದುಹೋಯಿತು.

ಆಗ ಯಕ್ಷ ಚೀಲದಿಂದ ಒಂದೇ ಬಗೆಯ ಎರಡು ಗೋಡೆ ಗಡಿಯಾರಗಳನ್ನು ತೆಗೆದು ಮೇಜಿನ ಮೇಲಿಟ್ಟು, ಒಂದರಲ್ಲಿ ಮೈಸೂರಿನ ಸಮಯ, ಇನ್ನೊಂದರಲ್ಲಿ ಡ್ರೆಸ್ಡೆನ್ ಸಮಯ, ಇದೇ ತನ್ನ ಕೃತಿ ಎಂದು ಘೋಷಿಸಿದ. ಗೆಳತಿ ತಲೆಯ ಮೇಲೆ ಕೈಹೊತ್ತಳು. ಫೆಲಿಕ್ಸ್ ಗೊನ್ಸಾಲೆಸ್ ಟೊರೆಸ್ ಎಂಬ ಕಲಾವಿದ, ಸಂಗಾತಿ ಏಡ್ಸ್‌ನಿಂದ ಸಾವಿನ ಹತ್ತಿರವಿದ್ದ ಕಾಲದಲ್ಲಿ, ಇಂಥದೇ ಎರಡು ಗಡಿಯಾರಗಳನ್ನು ಒಂದಕ್ಕೊಂದು ತಾಗಿಸಿ ಗೋಡೆಗೆ ತೂಗುಹಾಕಿದ್ದನೆಂದೂ, ಸಮನಾಗಿ ಹೊರಟ ಮುಳ್ಳುಗಳು ಬ್ಯಾಟರಿ ಸವೆದಂತೆ ಹೊಂದಿಕೆ ತಪ್ಪುವುದೇ ಆ ಕೃತಿಯ ಜೀವವೆಂದೂ ವಿವರಿಸಿ, “ಪರೀಕ್ಷಕರು ನಿನ್ನದನ್ನು ನಕಲು ಎಂದಾರು. ಅದಲ್ಲದೆ ನಿನ್ನದು ಬರೀ ವಿಮಾನ ನಿಲ್ದಾಣದ ಗೋಡೆಯಂತೆ ಕಾಣುತ್ತದೆ” ಎಂದಳು. ಮಾತು ಕಟುವಾದರೂ ನಿಜವೇ ಆಗಿತ್ತು.

ಕೌಂಟರಿನಿಂದ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ಕ್ಯಾಂಟೀನಿನ ಭಟ್ಟರು, “ನಮ್ಮ ಕಡೆ ಆಷಾಢ ಬಂತೆಂದರೆ ಹೊಸ ಸೊಸೆಯನ್ನು ತವರಿಗೆ ಕಳುಹಿಸುತ್ತಾರಪ್ಪಾ. ನಾನೂ ಒಂದು ತಿಂಗಳು ಅನುಭವಿಸಿದ್ದೇನೆ. ಅದಕ್ಕೆ ಯಾರೂ ಅಂಕ ಕೊಡಲಿಲ್ಲ” ಎಂದರು.

“ಅಷ್ಟು ಬೇಜಾರಿನಲ್ಲಿ ಗಡಿಯಾರವನ್ನೇಕೆ ಕೊಂಡೆ?” ಎಂದು ನಾನು ಕೇಳಿದಾಗ ಯಕ್ಷ ನಿಜ ಬಾಯಿಬಿಟ್ಟ. ಯುರೋಪಿನವರು ಮಾರ್ಚ್ ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ನಾಲ್ಕೂವರೆ ಗಂಟೆಯ ಅಂತರ ಮೂರೂವರೆಗೆ ಇಳಿಯುತ್ತದೆ. ಅವಳ ಸಂಜೆ ಐದಕ್ಕೆ ಕರೆ ಮಾಡುವುದು ನೇಮವಾಗಿದ್ದರೂ, ನಮ್ಮ ಗಡಿಯಾರ ಕದಲದ ಕಾರಣ ಯಕ್ಷನು ಎಂದಿನಂತೆ ರಾತ್ರಿ ಒಂಬತ್ತೂವರೆಗೆ ಕರೆ ಮಾಡಿದ್ದ. ಅಲ್ಲಿ ಆಗಲೇ ಆರು ಗಂಟೆ. ಅವಳು ನಮ್ಮ ಎಂಟೂವರೆಯಿಂದಲೇ ಪ್ರಯತ್ನಿಸುತ್ತಿದ್ದಳು, ಇವನು ಮೊಬೈಲನ್ನು ಚಾರ್ಜಿಗೆ ಹಾಕಿ ಮೆಸ್ಸಿನಲ್ಲಿ ಎರಡನೆಯ ಬಾರಿ ಸಾರು ಹಾಕಿಸಿಕೊಳ್ಳುತ್ತಿದ್ದ. ಜಗಳ ನಾಲ್ಕು ದಿನ ನಡೆಯಿತು.

ಮೇಜಿನ ಸುತ್ತ ಮೌನ ಆವರಿಸಿತು. ಸಾವಿರಾರು ಕಿಲೋಮೀಟರನ್ನು ಸಹಿಸಿಕೊಂಡವರು ಒಂದು ಗಂಟೆಗೆ ಸೋತಿದ್ದರು.

“ಎರಡು ಗಡಿಯಾರ ಬೇಡ” ಎಂದು ಗೆಳತಿ ನಿಧಾನವಾಗಿ ಹೇಳಿದಳು. “ಒಂದೇ ಗಡಿಯಾರ, ಅದರ ಕೆಳಗೆ ಒಂದು ಸ್ಟೂಲು. ನೋಡಲು ಬಂದವರು ಒಂದು ಗಂಟೆ ಕಾಯಬೇಕು. ಯಾರೂ ಬರುವುದಿಲ್ಲ.” ಶಿಲ್ಪಿ ಸ್ಟೂಲನ್ನು ಹನ್ನೆರಡು ಅಡಿ ಎತ್ತರಕ್ಕೆ ಮಾಡುವ ಬಗ್ಗೆ ಏನೋ ಹೇಳಹೊರಟ; ನಾವು ಅವನಿಗೆ ಅವಕಾಶ ಕೊಡಲಿಲ್ಲ.

ಯಕ್ಷ ಉತ್ಸಾಹದಿಂದ ಅಲ್ಲಿಯೇ ಕರೆ ಹಚ್ಚಿ, ಸ್ಪೀಕರ್ ಹಾಕಿ ಎಲ್ಲವನ್ನೂ ವಿವರಿಸಿದ. ಆ ಕಡೆಯಿಂದ ಸ್ವಲ್ಪ ಹೊತ್ತಿನ ನಂತರ ದನಿ ಬಂತು:

“ಒಂದು ಗಂಟೆ ಕಾದವಳು ನಾನು. ಕಲಾವಿದ ನೀನು ಹೇಗಾದೆ?”

ಚೌಕಾಸಿ ಹದಿನೈದು ನಿಮಿಷ ನಡೆಯಿತು. ಕೃತಿಯ ಕೆಳಗಿನ ಚೀಟಿಯಲ್ಲಿ ಮೊದಲು ಅವಳ ಹೆಸರಿರಬೇಕು. ಪ್ರದರ್ಶನದ ಪ್ರತಿ ದಿನವೂ ಸಂಜೆ ಎಂಟೂವರೆಯಿಂದ ಒಂಬತ್ತೂವರೆಯವರೆಗೆ ಸ್ಟೂಲಿನ ಮೇಲೆ ಯಕ್ಷನೇ, ಮೊಬೈಲಿಲ್ಲದೆ, ಕುಳಿತಿರಬೇಕು. ಗ್ಯಾಲರಿಯನ್ನು ಆರು ಗಂಟೆಗೇ ಮುಚ್ಚುತ್ತಾರೆಂದು ಅವನು ಹೇಳಿದ್ದು ಅವಳಿಗೆ ಕೇಳಿಸಲಿಲ್ಲವಂತೆ.

ತಾಲೀಮು ಆ ಸಂಜೆಯೇ ಭಟ್ಟರ ಸ್ಟೂಲಿನ ಮೇಲೆ ಆರಂಭವಾಯಿತು. ಯಕ್ಷನ ಮೊಬೈಲು ಗಲ್ಲಾಪೆಟ್ಟಿಗೆಯೊಳಗೆ ಸೇರಿತು. ಏಳನೆಯ ನಿಮಿಷಕ್ಕೆ ಅವನು ಎದ್ದು ನಿಂತು, ಅದು ಒಳಗೆ ಅಲುಗಿದ ಸದ್ದು ತನಗೆ ಕೇಳಿಸಿತೆಂದು ವಾದಿಸತೊಡಗಿದ.